ಹೈಡ್ರೋಜನ್‌ನಿಂದ ಕಬ್ಬಿಣ: ಮಲೆನಾಡಿನಿಂದ ಪಿಎಚ್‌ಡಿಗೆ ಹೊರಡುವವರು ಎಲ್ಲಿಂದ ಶುರು ಮಾಡಬೇಕು

ಹಾಸನ, ಚಿಕ್ಕಮಗಳೂರು ಕಡೆ ಮೆಕ್ಯಾನಿಕಲ್ಲೋ ಕೆಮಿಸ್ಟ್ರಿಯೋ ಓದಿದ ಮಕ್ಕಳು ಈಗೀಗ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಹೈಡ್ರೋಜನ್ ಬಳಸಿ ಕಬ್ಬಿಣ ತೆಗೆಯುವುದರ ಮೇಲೆ ಪಿಎಚ್‌ಡಿ ಮಾಡಬೇಕು, ಯಾವ ಸಂಸ್ಥೆ ಒಳ್ಳೆಯದು, ಯಾವ ಗೈಡ್ ಹತ್ತಿರ ಹೋಗಬೇಕು? ಅದೆಲ್ಲ ಆಮೇಲೆ ನೋಡೋಣ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಯಾವ ಅದಿರಿನ ಮೇಲೆ?

ಹೈಡ್ರೋಜನ್ ಸ್ವೀಡನ್ನಿನಲ್ಲೂ ಅದೇ, ಹಾಸನದಲ್ಲೂ ಅದೇ. ಅದಿರು ಹಾಗಲ್ಲ. ಗುಡ್ಡದಿಂದ ಗುಡ್ಡಕ್ಕೆ ಬದಲಾಗುತ್ತದೆ. ಅದರೊಳಗಿನ ಮರಳು, ಅಲ್ಯುಮಿನಾ, ನೀರಿನಂಶ, ಕಣದ ಗಾತ್ರ ಎಲ್ಲವೂ ಬೇರೆ ಬೇರೆ. ಹೊರದೇಶದ ಶುದ್ಧ ಪೆಲೆಟ್ (ಅದಿರಿನ ಪುಡಿಯನ್ನು ಉಂಡೆ ಕಟ್ಟಿ ಸುಟ್ಟದ್ದು) ಮೇಲೆ ಬಂದ ಫಲಿತಾಂಶವನ್ನು ನಮ್ಮ ಅದಿರಿಗೆ ಹಾಗೇ ಎತ್ತಿ ಹಚ್ಚಲು ಆಗುವುದಿಲ್ಲ. ನೀವು ಮಾಡಬಹುದಾದ ಹೊಸ ಕೆಲಸ ಇರುವುದು ಅಲ್ಲೇ.

ಮೊದಲು ಪುಸ್ತಕ ಮುಚ್ಚಿ ಹೇಳಲು ಬರಬೇಕಾದ್ದು

ಅದಿರಿನಲ್ಲಿ ಕಬ್ಬಿಣ ಆಕ್ಸಿಜನ್ ಜೊತೆ ಸೇರಿಕೊಂಡಿರುತ್ತದೆ. ಅದನ್ನು ಬಿಡಿಸಬೇಕು, ಅಷ್ಟೇ. ಇದಕ್ಕೇ ರಿಡಕ್ಷನ್ ಅನ್ನುವುದು. ಊದುಕುಲುಮೆಯಲ್ಲಿ ಆ ಕೆಲಸವನ್ನು ಮುಖ್ಯವಾಗಿ ಕೋಕ್‌ನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಮಾಡುತ್ತದೆ, ಆಕ್ಸಿಜನ್ ಕಿತ್ತುಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೋಗುತ್ತದೆ. ಈ ದಾರಿಯಲ್ಲಿ ಒಂದು ಟನ್ ಉಕ್ಕಿಗೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಜಗತ್ತು ವರ್ಷಕ್ಕೆ ಸುಮಾರು 190 ಕೋಟಿ ಟನ್ ಉಕ್ಕು ಮಾಡುತ್ತದೆ, ಗುಣಿಸಿ ನೋಡಿ. ಹೈಡ್ರೋಜನ್ ಹಾಕಿದರೆ ಅದೇ ಆಕ್ಸಿಜನ್ ನೀರಿನ ಹಬೆಯಾಗಿ ಹೊರಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಇದರ ಮುಂದಿನ ಮೂರ್ನಾಲ್ಕು ವಿಷಯದಲ್ಲೇ ಇಂಟರ್‌ವ್ಯೂಗೆ ಹೋದವರು ಸಿಕ್ಕಿಬೀಳುತ್ತಾರೆ.

ಒಂದು, ಹೆಮಟೈಟ್, ಅಂದರೆ ಆಕ್ಸಿಜನ್ ಹೆಚ್ಚಿರುವ ಕಬ್ಬಿಣದ ಅದಿರು, ನೇರವಾಗಿ ಕಬ್ಬಿಣ ಆಗುವುದಿಲ್ಲ, ಆಕ್ಸಿಜನ್ ಹಂತ ಹಂತವಾಗಿ ಕಮ್ಮಿಯಾಗುತ್ತದೆ. ಸುಮಾರು 570 ಡಿಗ್ರಿ ಸೆಲ್ಸಿಯಸ್ ಮೇಲೆ ಅದು ಮೊದಲು ಮ್ಯಾಗ್ನೆಟೈಟ್, ಆಮೇಲೆ ವುಸ್ಟೈಟ್, ಕೊನೆಗೆ ಕಬ್ಬಿಣ. ಅದಕ್ಕಿಂತ ಕೆಳಗೆ ವುಸ್ಟೈಟ್ ಹಂತ ಇರುವುದಿಲ್ಲ. ಎಲ್ಲಕ್ಕಿಂತ ಕಷ್ಟದ ಮೆಟ್ಟಿಲು ಕೊನೆಯದು, ವುಸ್ಟೈಟ್‌ನಿಂದ ಕಬ್ಬಿಣಕ್ಕೆ ಬರುವುದು.

ಎರಡು, ಶಾಖದ ಲೆಕ್ಕ. ಕಾರ್ಬನ್ ಮೊನಾಕ್ಸೈಡ್ ಹೆಮಟೈಟನ್ನು ಕಬ್ಬಿಣ ಮಾಡುವಾಗ ಸ್ವಲ್ಪ ಶಾಖ ಬಿಡುತ್ತದೆ. ಹೈಡ್ರೋಜನ್ ಉಲ್ಟಾ, ಶಾಖ ಎಳೆದುಕೊಳ್ಳುತ್ತದೆ. ಒಂದು ಮೋಲ್ ಹೆಮಟೈಟ್‌ಗೆ ಸುಮಾರು 99 ಕಿಲೋಜೌಲ್. ಟನ್ ಲೆಕ್ಕಕ್ಕೆ ತಂದರೆ ಒಂದು ಟನ್ ಕಬ್ಬಿಣಕ್ಕೆ ಹತ್ತಿರ ಹತ್ತಿರ 245 ಯೂನಿಟ್ ಕರೆಂಟಿನಷ್ಟು ಶಾಖ ರಿಯಾಕ್ಷನ್ ಒಂದಕ್ಕೇ ಬೇಕು, ಅದಿರು ಬಿಸಿ ಮಾಡುವುದು ಬೇರೆ. ಹಾಗಾಗಿ ದೊಡ್ಡ ಕುಲುಮೆಯಲ್ಲಿ ಒಳಗೆ ಹೋಗುವ ಗ್ಯಾಸೇ ಶಾಖವನ್ನೂ ಹೊತ್ತುಕೊಂಡು ಹೋಗಬೇಕು. ಲ್ಯಾಬಿನಲ್ಲಿ ಇದು ಕಾಣಿಸುವುದಿಲ್ಲ, ಯಾಕೆಂದರೆ ಸುತ್ತ ಎಲೆಕ್ಟ್ರಿಕ್ ಫರ್ನೇಸ್ ಬಿಸಿ ಕೊಡುತ್ತಲೇ ಇರುತ್ತದೆ. ಲ್ಯಾಬಿನ ಫಲಿತಾಂಶ ಕಾರ್ಖಾನೆಗೆ ನೇರವಾಗಿ ಹೊಂದದಿರಲು ಒಂದು ದೊಡ್ಡ ಕಾರಣ ಇದೇ.

ಮೂರು, ಹಾಕಿದ ಹೈಡ್ರೋಜನ್ ಎಲ್ಲವೂ ಕೆಲಸಕ್ಕೆ ಬರುವುದಿಲ್ಲ. ವುಸ್ಟೈಟ್ ಕಬ್ಬಿಣ ಆಗುವ ಜಾಗದಲ್ಲಿ 800 ಡಿಗ್ರಿ ಆಸುಪಾಸಿನಲ್ಲಿ ಸುಮಾರು ಮೂರನೇ ಒಂದು ಭಾಗ ಹಬೆಯಾದರೆ ಅಲ್ಲಿಗೆ ಸಮತೋಲ ಬಂದುಬಿಡುತ್ತದೆ, ರಿಯಾಕ್ಷನ್ ನಿಲ್ಲುತ್ತದೆ. ಉಳಿದ ಗ್ಯಾಸನ್ನು ತಣ್ಣಗೆ ಮಾಡಿ, ನೀರು ತೆಗೆದು, ಮತ್ತೆ ಬಿಸಿ ಮಾಡಿ ಒಳಗೆ ಕಳಿಸಬೇಕು. ಇದನ್ನು ತೋರಿಸುವ ಬೌರ್-ಗ್ಲೇಸ್ನರ್ ನಕ್ಷೆ ಅಂತ ಒಂದಿದೆ. ಅದನ್ನು ಒಮ್ಮೆಯಾದರೂ ಕೈಯಲ್ಲಿ ಗ್ರಾಫ್ ಹಾಳೆಯ ಮೇಲೆ ಹಾಕಿ. ಸಾಫ್ಟ್‌ವೇರ್ ಆಮೇಲೆ. ಹೈಡ್ರೋಜನ್ ಗೆರೆ ಮತ್ತು ಕಾರ್ಬನ್ ಮೊನಾಕ್ಸೈಡ್ ಗೆರೆ ಸುಮಾರು 820 ಡಿಗ್ರಿಯಲ್ಲಿ ಒಂದನ್ನೊಂದು ದಾಟುವುದು ಅದರಲ್ಲಿ ಕಾಣುತ್ತದೆ. ಅದಕ್ಕಿಂತ ಮೇಲೆ ಹೈಡ್ರೋಜನ್ ಜಾಸ್ತಿ ಬಲಶಾಲಿ, ಕೆಳಗೆ ಕಾರ್ಬನ್ ಮೊನಾಕ್ಸೈಡ್.

ಇನ್ನು ದುಡ್ಡಿನ ವಿಷಯ. ಒಂದು ಟನ್ ಕಬ್ಬಿಣಕ್ಕೆ ಲೆಕ್ಕದ ಪ್ರಕಾರ 54 ಕೆಜಿ ಹೈಡ್ರೋಜನ್ ಬೇಕು. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕೆಜಿ ತೆಗೆಯಲು 50ರಿಂದ 55 ಯೂನಿಟ್. ಅಂದರೆ ಹೈಡ್ರೋಜನ್‌ಗೇ 2,700ರಿಂದ 3,000 ಯೂನಿಟ್. ಆ ಕರೆಂಟು ಕಲ್ಲಿದ್ದಲಿನಿಂದ ಬಂದಿದ್ದರೆ ಇಡೀ ಲೆಕ್ಕವೇ ತಲೆಕೆಳಗು. ಈ ಅಂಕಿ ಬಾಯಲ್ಲಿರಲಿ, ಕೇಳುವವರು ಖಂಡಿತ ಕೇಳುತ್ತಾರೆ.

ನಿಮ್ಮ ಅದಿರನ್ನು ಆರಿಸಿಕೊಳ್ಳಿ

ಹೈಡ್ರೋಜನ್‌ನಿಂದ ಕಬ್ಬಿಣ ತೆಗೆಯಬಹುದು ಅಂತ ತೋರಿಸುವುದು ಈಗ ಹೊಸದಲ್ಲ. ಟ್ರಿನಿಡಾಡ್‌ನಲ್ಲಿ 1999ರಲ್ಲೇ ಸರ್ಕೊರೆಡ್ ಎಂಬ ಘಟಕ ಅದಿರಿನ ಪುಡಿಯನ್ನು ಹೈಡ್ರೋಜನ್‌ನಲ್ಲಿ ತೇಲಿಸಿ ಕಬ್ಬಿಣ ಮಾಡಿತು, ಆದರೆ ಆ ಹೈಡ್ರೋಜನ್ ನೈಸರ್ಗಿಕ ಅನಿಲದಿಂದ ಬಂದದ್ದು. ಸ್ವೀಡನ್ನಿನ ಲುಲಿಯೋದಲ್ಲಿ ಹೈಬ್ರಿಟ್ ಪೈಲಟ್ ಘಟಕ 2020ರಲ್ಲಿ ಶುರುವಾಯಿತು, ಮರುವರ್ಷ ಅದರ ಸ್ಪಾಂಜ್ ಐರನ್‌ನಿಂದ (ಕರಗದೆ ತೂತುತೂತಾಗಿ ಉಳಿದ ಕಬ್ಬಿಣ) ಉಕ್ಕೂ ಬಂತು. ನಮ್ಮ ಸರ್ಕಾರ 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತು, ಅದರಲ್ಲಿ ಉಕ್ಕಿನ ಪೈಲಟ್ ಯೋಜನೆಗಳಿಗೂ ಪಾಲಿದೆ. ಹಾಗಾಗಿ "ಹೈಡ್ರೋಜನ್‌ನಿಂದ ಕಬ್ಬಿಣದ ಅದಿರಿನ ರಿಡಕ್ಷನ್" ಅಂತ ಸುಮ್ನೆ ತಲೆಬರಹ ಹಾಕಿಕೊಂಡು ಹೋದರೆ, ಇದರಲ್ಲಿ ನಿಮ್ಮದೇನು ಎನ್ನುವ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಉತ್ತರ ಅದಿರಿನಲ್ಲಿದೆ.

ನಮ್ಮ ಎರಡು ಜಿಲ್ಲೆಗೆ ಕಬ್ಬಿಣದ ನಂಟು ಹಳೆಯದು. ಭದ್ರಾವತಿಯಲ್ಲಿ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಉರುವಲು ಮಲೆನಾಡಿನ ಕಾಡಿನ ಇದ್ದಿಲು. ಕುದುರೆಮುಖದ ಮ್ಯಾಗ್ನೆಟೈಟ್ ಕೆಳದರ್ಜೆಯದು, ಆದರೂ ಅದನ್ನು ಪುಡಿ ಮಾಡಿ, ಶುದ್ಧ ಮಾಡಿ, ನೀರಿನ ಜೊತೆ ಕಲಸಿ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಅದು ಈಗ ರಾಷ್ಟ್ರೀಯ ಉದ್ಯಾನದ ಜಾಗ. ಚೀಲ ಹಿಡಿದುಕೊಂಡು ಹೋಗಿ ಕಲ್ಲು ತರುವ ಯೋಚನೆ ಬೇಡ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಹಿಡಿ ಮಣ್ಣೂ ತರುವಂತಿಲ್ಲ. ಅದಿರು ಬೇಕಾದರೆ ಗೈಡ್ ಮೂಲಕ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ನಡೆಯುತ್ತಿರುವ ಗಣಿಗೋ ಪೆಲೆಟ್ ಘಟಕಕ್ಕೋ ಬರೆದು ಕೇಳಬೇಕು. ಸಂಡೂರು, ಬಳ್ಳಾರಿ ಕಡೆಯ ಪುಡಿ ಅದಿರು ಸಿಗುವುದು ಸುಲಭ.

ನನ್ನ ಮನಸ್ಸಿಗೆ ತುಂಬ ಹತ್ತಿರವಾದ್ದು ಹಾಸನ ಜಿಲ್ಲೆಯದೇ, ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯ ಟೈಟಾನಿಯಂ ಬೆರೆತ ಮ್ಯಾಗ್ನೆಟೈಟ್. ಆ ಪಟ್ಟಿ ಕ್ರೋಮೈಟ್‌ಗೆ ಹೆಸರಾದದ್ದು, ಈ ಮ್ಯಾಗ್ನೆಟೈಟ್ ಕಡೆ ನೋಡಿದವರು ಕಮ್ಮಿ. ಇಂಥ ಅದಿರನ್ನು ಊದುಕುಲುಮೆಗೆ ಹಾಕಲು ಯಾರಿಗೂ ಇಷ್ಟ ಇಲ್ಲ, ಟೈಟಾನಿಯಂ ಜಾಸ್ತಿಯಾದರೆ ಗಸಿ (ಕರಗಿದ ಕಲ್ಮಶ, ಸ್ಲ್ಯಾಗ್) ಗಟ್ಟಿಯಾಗಿ ಹರಿಯದೆ ನಿಲ್ಲುತ್ತದೆ. ಹೈಡ್ರೋಜನ್ ದಾರಿಯಲ್ಲಿ ಕಬ್ಬಿಣ ಕರಗುವುದೇ ಇಲ್ಲ, ಘನವಾಗಿಯೇ ಉಳಿಯುತ್ತದೆ. ಆಮೇಲೆ ಪುಡಿ ಮಾಡಿ ಮ್ಯಾಗ್ನೆಟ್‌ನಿಂದ ಕಬ್ಬಿಣವನ್ನು ಬೇರೆ ಮಾಡಿ ಟೈಟಾನಿಯಂ ಭಾಗವನ್ನು ಉಳಿಸಿಕೊಳ್ಳಬಹುದಾ ಎನ್ನುವುದು ನಿಜವಾದ ಪ್ರಶ್ನೆ. ಇಂಥ ಅದಿರು ರಿಡಕ್ಷನ್‌ಗೆ ತುಂಬ ನಿಧಾನ. ಮೊದಲು ಗಾಳಿಯಲ್ಲಿ ಸುಟ್ಟು ಆಕ್ಸಿಡೈಸ್ ಮಾಡಿಕೊಂಡರೆ ಕಣದ ಒಳರಚನೆ ಒಡೆದು ರಿಡಕ್ಷನ್ ಚುರುಕಾಗುತ್ತದೆ. ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಎನ್ನುವುದು ಅದಿರಿನಿಂದ ಅದಿರಿಗೆ ಬೇರೆ. ಒಂದು ಥೀಸಿಸ್‌ಗೆ ಇದು ಸಾಕು, ಅಲ್ವಾ?

ಪ್ರಶ್ನೆಯನ್ನು ಸಣ್ಣದು ಮಾಡಿ

"ಹಸಿರು ಉಕ್ಕಿನ ಭವಿಷ್ಯ" ಪಿಎಚ್‌ಡಿ ವಿಷಯ ಅಲ್ಲ. "ಅಲ್ಯುಮಿನಾ ಜಾಸ್ತಿ ಇರುವ ಸಂಡೂರು ಪುಡಿ ಅದಿರಿನ ಪೆಲೆಟ್, ಹೈಡ್ರೋಜನ್‌ನಲ್ಲಿ 800ರಿಂದ 950 ಡಿಗ್ರಿಯೊಳಗೆ ಯಾವಾಗ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಸುಣ್ಣದ ಲೇಪ ಅದನ್ನು ಎಷ್ಟು ತಡೆಯುತ್ತದೆ" ಎನ್ನುವುದು ವಿಷಯ. ಅಂಟಿಕೊಳ್ಳುವುದು ಸಣ್ಣ ತೊಂದರೆ ಅಂದುಕೊಳ್ಳಬೇಡಿ. ಹೊಸದಾಗಿ ಹುಟ್ಟಿದ ಕಬ್ಬಿಣ ಬಿಸಿಯಲ್ಲಿ ಮೆತ್ತಗಿರುತ್ತದೆ, ಕೆಲವು ಸಲ ಪೆಲೆಟ್ ಮೈಮೇಲೆ ಕೂದಲಿನ ಥರ ಸಣ್ಣ ಎಳೆ ಬೆಳೆದು ಪಕ್ಕದ ಪೆಲೆಟ್‌ಗೆ ಹೆಣೆದುಕೊಳ್ಳುತ್ತದೆ. ಕುಲುಮೆಯಲ್ಲಿ ಮೇಲಿಂದ ಕೆಳಗೆ ಇಳಿಯಬೇಕಾದ ಪೆಲೆಟ್‌ಗಳು ಗಡ್ಡೆ ಕಟ್ಟಿ ನಿಂತರೆ ಅಲ್ಲಿಗೆ ಮುಗಿಯಿತು. ಪ್ರಶ್ನೆಯಲ್ಲಿ ಅದಿರಿನ ಹೆಸರು, ಉಷ್ಣತೆಯ ಮಿತಿ ಮತ್ತು ಅಳೆಯುವ ಒಂದು ಸಂಗತಿ, ಈ ಮೂರೂ ಇರಲೇಬೇಕು.

ಎಲ್ಲಿ, ಹೇಗೆ, ದುಡ್ಡು ಎಷ್ಟು

ಊರಲ್ಲೇ ಇರಬೇಕು ಅಂದರೆ ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ತಾಂತ್ರಿಕ ಸಂಸ್ಥೆ ಇವೆ. ಅಲ್ಲಿ ನಿಮ್ಮ ವಿಷಯಕ್ಕೆ ಹೊಂದುವ ಗೈಡ್ ಇದ್ದಾರಾ, ಫರ್ನೇಸ್ ಏನಿದೆ ಅಂತ ಖುದ್ದಾಗಿ ಹೋಗಿ ನೋಡಿ. ಮೆಟಲರ್ಜಿಯೇ ಬೇಕೆಂದರೆ ಘಟ್ಟ ಇಳಿದರೆ ಸುರತ್ಕಲ್‌ನ ಎನ್‌ಐಟಿಕೆ, ಈ ಕಡೆ ಬೆಂಗಳೂರಿನ ಐಐಎಸ್ಸಿ. ಇನ್ನೂ ದೂರ ಹೋಗಲು ಸಿದ್ಧರಿದ್ದರೆ ಮದ್ರಾಸ್, ಬಾಂಬೆ, ಖರಗ್‌ಪುರ ಐಐಟಿಗಳು, ಜಮ್ಶೆಡ್‌ಪುರದ ರಾಷ್ಟ್ರೀಯ ಲೋಹಶಾಸ್ತ್ರ ಪ್ರಯೋಗಾಲಯ, ಭುವನೇಶ್ವರದ ಸಿಎಸ್‌ಐಆರ್ ಖನಿಜ ಪ್ರಯೋಗಾಲಯ. ಅದಿರಿನ ಕೆಲಸಕ್ಕೆ ಕೊನೆಯ ಎರಡು ಜಾಗ ತುಂಬ ಒಳ್ಳೆಯದು.

ಗೇಟ್ ಬರೆಯಿರಿ. ಮೆಟಲರ್ಜಿಗೆ ಬೇರೆ ಪೇಪರ್ ಇದೆ, ಮೆಕ್ಯಾನಿಕಲ್ ಓದಿದವರು ತಮ್ಮ ಪೇಪರಿನಲ್ಲೇ ಬರೆದರೂ ಎಷ್ಟೋ ಕಡೆ ನಡೆಯುತ್ತದೆ, ಆಯಾ ಸಂಸ್ಥೆಯ ಅಧಿಸೂಚನೆ ಓದಿ. ಎಂಎಸ್ಸಿ ಕೆಮಿಸ್ಟ್ರಿಯವರಿಗೆ ನೆಟ್ ದಾರಿಯೂ ಇದೆ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್ ಆದಾಗ 42,000, ಮನೆ ಬಾಡಿಗೆ ಭತ್ಯೆ ಬೇರೆ. ಯುಜಿಸಿ ನಿಯಮದಲ್ಲಿ ಪಿಎಚ್‌ಡಿಗೆ ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6. ಪ್ರಯೋಗದ ವಿಷಯ ಆದ್ದರಿಂದ ಮನೆಯಲ್ಲಿ ಐದು ವರ್ಷ ಅಂತಲೇ ಹೇಳಿಬಿಡಿ. ಮೂರು ಅಂತ ಹೇಳಿ ಆಮೇಲೆ ಪ್ರತಿ ಹಬ್ಬಕ್ಕೂ ಊರಿಗೆ ಬಂದಾಗ "ಇನ್ನೂ ಮುಗಿಯಲಿಲ್ವಾ ಮಗಾ" ಅಂತ ಕೇಳಿಸಿಕೊಳ್ಳುವುದು ಕಷ್ಟ.

ಹೈಡ್ರೋಜನ್ ಲೈನ್ ಕೂರಿಸುವ ಮೊದಲು

ಇದನ್ನು ನಿಧಾನವಾಗಿ ಓದಿ. ಹೈಡ್ರೋಜನ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಹಗಲು ಬೆಳಕಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಎಷ್ಟು ಬೆರೆತರೂ ಹೊತ್ತಿಕೊಳ್ಳುತ್ತದೆ. ನಿಮ್ಮ ಮುಂದೆ ಇರುವುದು ಕೆಂಪಗೆ ಕಾದ ಟ್ಯೂಬ್. ಹೊರಗಿನ ಗಾಳಿ ಒಳಗೆ ಹೋಗಬಾರದು, ಒಳಗಿನ ಗ್ಯಾಸ್ ಹೊರಗೆ ಸೋರಬಾರದು.

ಕೆಲಸದ ಕ್ರಮ ಹೀಗಿರಲಿ. ಸಿಲಿಂಡರ್ ಸರಪಳಿ ಹಾಕಿ ನಿಲ್ಲಿಸಿ, ಆದಷ್ಟೂ ಕೋಣೆಯ ಹೊರಗೆ ಗಾಳಿಯಾಡುವ ಜಾಗದಲ್ಲಿ. ಹೈಡ್ರೋಜನ್ ಸಿಲಿಂಡರ್ ಕೆಂಪು ಬಣ್ಣದ್ದು, ರೆಗ್ಯುಲೇಟರ್ ಕೂರಿಸುವ ಅದರ ತಿರುಪು ಎಡಕ್ಕೆ ತಿರುಗುತ್ತದೆ, ಬಲಕ್ಕೆ ತಿರುಗಿಸಿ ಜೋರು ಮಾಡಬೇಡಿ. ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ, ಮೊದಲು ನೈಟ್ರೋಜನ್ ಒತ್ತಡದಲ್ಲಿ. ಅದಿರು ಒಳಗಿಟ್ಟ ಮೇಲೆ ಟ್ಯೂಬಿನ ಜಾಗದ ಐದಾರು ಪಟ್ಟು ನೈಟ್ರೋಜನ್ ಹಾಯಿಸಿ ಗಾಳಿ ಹೊರಹಾಕಿ, ನೈಟ್ರೋಜನ್‌ನಲ್ಲೇ ಬಿಸಿ ಮಾಡಿ, ಬೇಕಾದ ಡಿಗ್ರಿ ಮುಟ್ಟಿ ನಿಂತ ಮೇಲೆ ಹೈಡ್ರೋಜನ್ ತೆರೆಯಿರಿ. ಮುಗಿದ ಮೇಲೂ ಮೊದಲು ಹೈಡ್ರೋಜನ್ ಮುಚ್ಚಿ, ನೈಟ್ರೋಜನ್ ಹಾಯಿಸುತ್ತಲೇ ತಣ್ಣಗಾಗಲು ಬಿಡಿ. ಸೀಲಿಂಗಿನ ಹತ್ತಿರ ಗ್ಯಾಸ್ ಡಿಟೆಕ್ಟರ್ ಇರಲಿ, ಹೈಡ್ರೋಜನ್ ಹಗುರ, ಮೇಲಕ್ಕೇ ಹೋಗುವುದು.

ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದ್ದು ಕರೆಂಟು. ಜೂನ್, ಜುಲೈ ಮಳೆಯಲ್ಲಿ ಎಲ್ಲೋ ಒಂದು ಮರ ಬಿದ್ದರೆ ಸಾಕು, ಹೋಯಿತು. ಫರ್ನೇಸ್ 900 ಡಿಗ್ರಿಯಲ್ಲಿದೆ, ಟ್ಯೂಬ್ ತುಂಬ ಹೈಡ್ರೋಜನ್ ಇದೆ, ಎಕ್ಸಾಸ್ಟ್ ಫ್ಯಾನ್ ನಿಂತಿದೆ. ಆಗ ಓಡಿಹೋಗಿ ವಾಲ್ವ್ ತಿರುಗಿಸುವ ಮೇಲೆ ಭರವಸೆ ಇಡಬೇಡಿ. ಕರೆಂಟು ಹೋದರೆ ತಾನಾಗಿ ಮುಚ್ಚಿಕೊಳ್ಳುವ ಸೊಲೆನಾಯ್ಡ್ ವಾಲ್ವ್ ಹೈಡ್ರೋಜನ್ ಲೈನಿಗೆ, ತಾನಾಗಿ ತೆರೆದುಕೊಳ್ಳುವುದು ನೈಟ್ರೋಜನ್ ಲೈನಿಗೆ. ದುಡ್ಡು ಎಲ್ಲಿ ಉಳಿಸಿದರೂ ಇಲ್ಲಿ ಮಾತ್ರ ಉಳಿಸಬೇಡಿ. ಕೂರಿಸಿದ ಮೇಲೆ ಬರೀ ನೈಟ್ರೋಜನ್ ಹಾಕಿಕೊಂಡು ಮೇನ್ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿ. ಮೊದಲ ಪ್ರಯೋಗಗಳನ್ನು ನೈಟ್ರೋಜನ್‌ನಲ್ಲಿ ಶೇ. 5 ಹೈಡ್ರೋಜನ್ ಬೆರೆತ ಗ್ಯಾಸಿನಲ್ಲಿ ಮಾಡುವುದು ಒಳ್ಳೆಯದು, ಅದು ಗಾಳಿಗೆ ಬಂದರೂ ಹೊತ್ತಿಕೊಳ್ಳುವುದಿಲ್ಲ. ಲ್ಯಾಬಿನಲ್ಲಿ ಒಬ್ಬರೇ ಇರುವಾಗ ಶುದ್ಧ ಹೈಡ್ರೋಜನ್ ಯಾವತ್ತೂ ತೆರೆಯಬೇಡಿ. ಗೈಡ್ ನಾಳೆಗೆ ರಿಸಲ್ಟ್ ಕೇಳಿದ್ದರೂ ಅಷ್ಟೇ.

ಮೊದಲ ಪೆಲೆಟ್

ಒಂದು ಪೆಲೆಟ್ ತಗೊಳ್ಳಿ, 12 ಮಿಲಿಮೀಟರ್ ಆಸುಪಾಸು, ತೂಕ ಸುಮಾರು 3 ಗ್ರಾಂ. ಅದರಲ್ಲಿ ಶೇ. 65 ಕಬ್ಬಿಣ ಇದೆ, ಎಲ್ಲವೂ ಹೆಮಟೈಟ್ ರೂಪದಲ್ಲಿ ಅಂತಿಟ್ಟುಕೊಳ್ಳಿ. ಕಬ್ಬಿಣ 1.95 ಗ್ರಾಂ, ಅದಕ್ಕೆ ಅಂಟಿದ ಆಕ್ಸಿಜನ್ 0.84 ಗ್ರಾಂ. ಪೂರ್ತಿ ರಿಡಕ್ಷನ್ ಆದರೆ ಇಳಿಯಬೇಕಾದ ತೂಕ ಇಷ್ಟೇ. ತಕ್ಕಡಿ 0.90 ತೋರಿಸಿತು ಅಂದರೆ ಶೇ. 107 ರಿಡಕ್ಷನ್ ಆಗಿಲ್ಲ, ಅದಿರಿನೊಳಗಿನ ನೀರೂ ಹೋಗಿದೆ. ನಮ್ಮ ಅದಿರುಗಳಲ್ಲಿ ಗೋಥೈಟ್ (ನೀರಿನಂಶ ಸೇರಿಕೊಂಡ ಕಬ್ಬಿಣದ ಖನಿಜ) ಇರುತ್ತದೆ, ಅದು ಸುಮಾರು 300 ಡಿಗ್ರಿಯಲ್ಲೇ ನೀರು ಬಿಡುತ್ತದೆ. ಸುಡದ ಅದಿರಿನ ಮೇಲೆ ಕೆಲಸ ಮಾಡುವವರು ನೈಟ್ರೋಜನ್‌ನಲ್ಲಿ ಮೊದಲು ಕಾಯಿಸಿ ತೂಕ ಸ್ಥಿರವಾದ ಮೇಲೇ ಲೆಕ್ಕ ಶುರು ಮಾಡಬೇಕು.

ಇನ್ನೊಂದು ತಪ್ಪದೆ ಮಾಡಬೇಕಾದ ಪರೀಕ್ಷೆ ಗ್ಯಾಸಿನ ಹರಿವಿನದು. ಹರಿವು ಕಮ್ಮಿ ಇದ್ದರೆ ಹುಟ್ಟಿದ ಹಬೆ ಪೆಲೆಟ್ ಸುತ್ತಲೇ ಸುಳಿಯುತ್ತಾ ರಿಯಾಕ್ಷನ್ ನಿಧಾನ ಮಾಡುತ್ತದೆ. ಆಗ ನೀವು ಅಳೆಯುವುದು ಅದಿರನ್ನಲ್ಲ, ನಿಮ್ಮ ಟ್ಯೂಬನ್ನು. ಹರಿವು ಹೆಚ್ಚಿಸುತ್ತಾ ಹೋಗಿ, ವೇಗ ಇನ್ನು ಬದಲಾಗುವುದಿಲ್ಲ ಅನ್ನುವ ಜಾಗ ಸಿಕ್ಕಮೇಲೆ ಅದಕ್ಕಿಂತ ಸ್ವಲ್ಪ ಮೇಲೆ ಇಟ್ಟು ಎಲ್ಲ ಪ್ರಯೋಗ ಮಾಡಿ.

ಒಂದು ಪೆಲೆಟ್ಟನ್ನು ಬೇಕಂತಲೇ ಅರ್ಧಕ್ಕೆ ನಿಲ್ಲಿಸಿ. ತಣ್ಣಗಾದ ಮೇಲೆ ರೆಸಿನ್‌ನಲ್ಲಿ ಕೂರಿಸಿ, ಮಧ್ಯಕ್ಕೆ ಕತ್ತರಿಸಿ, ಪಾಲಿಶ್ ಮಾಡಿ ಮೈಕ್ರೋಸ್ಕೋಪಿನ ಕೆಳಗಿಡಿ. ಹೊರಸುತ್ತು ಬೆಳ್ಳಗೆ ಹೊಳೆಯುವ ಕಬ್ಬಿಣ, ತುಂಬ ಸಣ್ಣ ಸಣ್ಣ ತೂತು. ಅದರ ಒಳಗೆ ಬೂದು ಬಣ್ಣದ ವುಸ್ಟೈಟ್. ಇನ್ನೂ ಒಳಗೆ ಮ್ಯಾಗ್ನೆಟೈಟ್. ಎಷ್ಟೋ ಕಡೆ ಒಂದೇ ವುಸ್ಟೈಟ್ ಕಣದ ಸುತ್ತ ಕಬ್ಬಿಣ ದಟ್ಟವಾಗಿ ಕವಚ ಕಟ್ಟಿರುತ್ತದೆ. ಆ ಕವಚ ದಾಟಿ ಆಕ್ಸಿಜನ್ ಹೊರಬರುವುದು ನಿಧಾನ, ಹೊತ್ತು ಕಳೆದಂತೆ ತೂಕ ಇಳಿಯುವ ಗ್ರಾಫಿನ ಕೊನೆ ಚಪ್ಪಟೆಯಾಗುವುದು ಅದಕ್ಕೇ. ಇದನ್ನು ಕಣ್ಣಾರೆ ನೋಡದೆ ಕೈನೆಟಿಕ್ಸ್ (ರಿಯಾಕ್ಷನ್ ವೇಗದ) ಸಮೀಕರಣಕ್ಕೆ ಗೆರೆ ಹೊಂದಿಸಿ ಆಕ್ಟಿವೇಷನ್ ಎನರ್ಜಿ ಬರೆದುಬಿಡುವವರು ತುಂಬ ಜನ. ಗೆರೆ ಹೊಂದಿತು ಅಂದಮಾತ್ರಕ್ಕೆ ಆ ಮಾದರಿ ನಿಜ ಅಂತಲ್ಲ. ಎರಡು ಮೂರು ಮಾದರಿ ಹೊಂದಿಸಿ ನೋಡಿ, ಆಮೇಲೆ ಫೋಟೋ ಯಾವುದನ್ನು ಒಪ್ಪುತ್ತದೆ ನೋಡಿ.

ಸ್ಯಾಂಪಲ್ ಹೊರಗಿಡಬೇಡಿ. ಹೊಸ ಸ್ಪಾಂಜ್ ಐರನ್ ನಮ್ಮ ಮಳೆಗಾಲದ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಎಕ್ಸ್‌ಆರ್‌ಡಿಗೆ (ಒಳಗೆ ಯಾವ ಖನಿಜ ಇದೆ ಅಂತ ಎಕ್ಸ್-ರೇಯಿಂದ ನೋಡುವ ಪರೀಕ್ಷೆ) ಬೇರೆ ಊರಿಗೆ ಕಳಿಸುವುದಾದರೆ ಆರ್ಗಾನ್ ತುಂಬಿ ಸೀಲ್ ಮಾಡಿ, ಸಿಲಿಕಾ ಜೆಲ್ ಹಾಕಿ ಕಳಿಸಿ.

ಕಾಫಿ ಸಿಪ್ಪೆಗೂ ಇಲ್ಲಿ ಜಾಗ ಇದೆ

ಹೈಡ್ರೋಜನ್‌ನಿಂದ ಬಂದ ಕಬ್ಬಿಣದಲ್ಲಿ ಕಾರ್ಬನ್ ಇರುವುದಿಲ್ಲ. ಕೇಳಲು ಚೆನ್ನಾಗಿದೆ, ಆದರೆ ಇದನ್ನು ಕರಗಿಸಿ ಉಕ್ಕು ಮಾಡುವ ಎಲೆಕ್ಟ್ರಿಕ್ ಆರ್ಕ್ ಕುಲುಮೆಯವರಿಗೆ ಕಾರ್ಬನ್ ಬೇಕು. ಅದು ಗಸಿಯಲ್ಲಿ ನೊರೆ ಎಬ್ಬಿಸುತ್ತದೆ, ಆ ನೊರೆ ಆರ್ಕನ್ನು ಮುಚ್ಚಿ ಶಾಖ ಉಳಿಸುತ್ತದೆ. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ, ಕಾರ್ಬನ್ ಇದ್ದರೆ ಅದಕ್ಕಿಂತ ಕಮ್ಮಿ. ಈ ಕಾರ್ಬನ್ ಎಲ್ಲಿಂದ ತರುವುದು? ಚಿಕ್ಕಮಗಳೂರಿನ ಕಾಫಿ ಪಲ್ಪರ್, ಹಲ್ಲರ್ ಮುಂದೆ ರಾಶಿ ಬೀಳುವ ಸಿಪ್ಪೆ, ತೋಟದ ಅಡಿಕೆ ಸಿಪ್ಪೆ ಇವನ್ನು ಗಾಳಿ ಇಲ್ಲದೆ ಸುಟ್ಟು ಇದ್ದಿಲು ಮಾಡಬಹುದು. ಬೂದಿಯ ಅಂಶ, ಅದರಲ್ಲಿನ ಪೊಟ್ಯಾಸಿಯಂ, ರಂಜಕ ಎಷ್ಟು ಅಂತ ಮೊದಲು ಅಳೆಯಬೇಕು, ರಂಜಕ ಉಕ್ಕಿಗೆ ಒಳ್ಳೆಯದಲ್ಲ. ಥೀಸಿಸ್‌ನ ಕೊನೆಯ ಅಧ್ಯಾಯಕ್ಕೆ ಇದು ಒಳ್ಳೆಯ ವಿಷಯ. ಶುರುವಿನಲ್ಲೇ ಎರಡನ್ನೂ ಕೈಗೆತ್ತಿಕೊಂಡರೆ ಎರಡೂ ಮುಗಿಯುವುದಿಲ್ಲ.

ಗೈಡ್‌ಗೆ ಬರೆಯುವುದು

ಇಷ್ಟಾದ ಮೇಲೆ ಮೇಲ್ ಬರೆಯಿರಿ. "ತಮ್ಮ ಸಂಶೋಧನೆಯಿಂದ ಸ್ಫೂರ್ತಿ ಪಡೆದಿದ್ದೇನೆ" ಅಂತ ಶುರು ಮಾಡುವ ಮೇಲ್ ಅವರಿಗೆ ದಿನವೂ ಬರುತ್ತದೆ. ನೀವು ಅವರ ಒಂದು ಪೇಪರನ್ನು ಪೂರ್ತಿ ಓದಿ, ಅದರ ಒಂದು ಗ್ರಾಫಿನ ಬಗ್ಗೆ ನಿಮಗೆ ಬಂದ ಪ್ರಶ್ನೆಯಿಂದ ಶುರು ಮಾಡಿ. ಎರಡನೇ ಪ್ಯಾರಾದಲ್ಲಿ ನಿಮ್ಮ ಅದಿರು ಯಾವುದು, ಎಲ್ಲಿಂದ ಸಿಗುತ್ತದೆ, ಅದರಲ್ಲಿ ಕಬ್ಬಿಣ, ಸಿಲಿಕಾ, ಅಲ್ಯುಮಿನಾ ಎಷ್ಟು. ಮೂರನೆಯದರಲ್ಲಿ ನಿಮ್ಮ ಪ್ರಶ್ನೆ, ಒಂದೇ ವಾಕ್ಯದಲ್ಲಿ. ಜೊತೆಗೆ ಕೈಯಲ್ಲಿ ಹಾಕಿದ ಆ ನಕ್ಷೆಯ ಫೋಟೋ ಇದ್ದರೆ ಕಳಿಸಿ, ನಾಚಿಕೆ ಬೇಡ. ಇಂಗ್ಲಿಷ್ ಅಲ್ಲಿ ಇಲ್ಲಿ ಸ್ವಲ್ಪ ಎಡವಿದರೂ ಪರವಾಗಿಲ್ಲ, ಅಂಕಿ ಎಡವಬಾರದು. ಒಂದು ಪುಟ ದಾಟದಿರಲಿ. ಹತ್ತು ಹನ್ನೆರಡು ದಿನ ಉತ್ತರ ಬರದಿದ್ದರೆ ಇನ್ನೊಂದು ಸಲ ಬರೆಯಿರಿ, ಸೆಮಿಸ್ಟರ್ ಮಧ್ಯೆ ಮೇಲ್ ಕಣ್ತಪ್ಪಿ ಹೋಗುವುದು ಸಾಮಾನ್ಯ. ಆಗಲೂ ಬರದಿದ್ದರೆ ಅದೇ ಪುಟವನ್ನು ಮುಂದಿನವರಿಗೆ ಕಳಿಸಿ, ಆದರೆ ಮೊದಲ ಪ್ಯಾರಾ ಮಾತ್ರ ಅವರ ಪೇಪರ್ ಓದಿ ಹೊಸದಾಗಿ ಬರೆಯಿರಿ.